ಬಿಟ್ಟುಕೊಟ್ಟ ಕುರ್ಚಿ

ಲಾಭಕ್ಕೆ ಪಾಲುದಾರರು ಹತ್ತಾರು ಮಂದಿ, ಜೈಲಿಗೆ ಮಾತ್ರ ನಿರ್ದೇಶಕನೊಬ್ಬನೇ. ಈ ಅನ್ಯಾಯ ಯಜಮಾನರ ಹೊಟ್ಟೆಯಲ್ಲಿ ಬಹಳ ದಿನದಿಂದ ಕುದಿಯುತ್ತಿತ್ತು. ಬಟ್ಟೆಗೆ ಬಣ್ಣ ಹಾಕುವ ಅವರ ಕಾರ್ಖಾನೆಯ ಬಾಯ್ಲರ್ ಸವೆದುಹೋಗಿತ್ತು. ಇಂದಲ್ಲ ನಾಳೆ ಒಡೆಯುವುದು ಖಂಡಿತ. ನಿಲ್ಲಿಸಿದರೆ ದೊಡ್ಡ ಆರ್ಡರ್ ಕೈತಪ್ಪುತ್ತದೆ. ಓಡಿಸಿ ಯಾರಾದರೂ ಸತ್ತರೆ ನಿರ್ದೇಶಕ ಕಂಬಿ ಎಣಿಸಬೇಕು. ಹಾಗಾದರೆ ನಿರ್ದೇಶಕ ಬೇರೆಯವನಾಗಲಿ.

ಹೆಂಡತಿಯ ತಮ್ಮ ಇದ್ದನಲ್ಲ! ಸಾಧು ಪ್ರಾಣಿ. ಎರಡೂ ಕಿವಿ ಮಂದ, ಸಭೆಯಲ್ಲಿ ಅರ್ಧ ಕೇಳಿಸಿಕೊಂಡು ಪೂರ್ತಿ ತಲೆಯಾಡಿಸುವವನು. ಇಂಥ ಬಲಿಪಶು ಹುಡುಕಿದರೂ ಸಿಗುವುದಿಲ್ಲ. "ಇಷ್ಟು ವರ್ಷ ದುಡಿದಿದೀಯ, ಇನ್ಮೇಲೆ ಕುರ್ಚಿ ನಿಂದೇ" ಎಂದಾಗ ಅವನ ಕಣ್ಣು ತುಂಬಿ ಬಂತು. ನಿರ್ದೇಶಕರ ಮೇಲೆ ಕಣ್ಣಿಡುವ ಮೇಲ್ವಿಚಾರಣಾ ಮಂಡಳಿಯೂ ತಕರಾರಿಲ್ಲದೆ ಒಪ್ಪಿತು. ಹೆಂಡತಿಯಂತೂ ಆ ದಿನ ಗಂಡನನ್ನು ದೇವರಂತೆ ನೋಡಿದಳು. ಯಜಮಾನರಿಗೆ ಒಂದು ಕ್ಷಣ ನಾಚಿಕೆಯಾಯಿತು, ಒಂದೇ ಕ್ಷಣ.

ವಕೀಲರು ಮೊದಲೇ ಎಚ್ಚರಿಸಿದ್ದರು: "ಕುರ್ಚಿ ಬಿಟ್ರೆ ಸಾಲದು ಸಾರ್. ಹಿಂದೆ ನಿಂತು ಹುಕುಂ ಕೊಟ್ರೆ ಕಾನೂನು ನಿಮ್ಮನ್ನೇ ನಿರ್ದೇಶಕ ಅನ್ನುತ್ತೆ."

ಅದಕ್ಕೇ ಯಜಮಾನರು ಕಾರ್ಖಾನೆಯ ಕಡೆ ತಲೆ ಹಾಕಲಿಲ್ಲ, ಒಂದಕ್ಷರ ಬರೆಯಲಿಲ್ಲ. ಭಾವಮೈದುನ ಫೋನ್ ಮಾಡಿ ಕೇಳುತ್ತಿದ್ದ, ಇವರು ಬಾಯಲ್ಲಿ ಹೇಳುತ್ತಿದ್ದರು. ಇಬ್ಬರ ನಡುವಿನ ಮಾತಿಗೆ ಸಾಕ್ಷಿ ಯಾರು? ಅವನ ಧ್ವನಿ ಯಾವಾಗಲೂ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಹಾಳು ಫೋನು ಎಂದು ಬೈದುಕೊಂಡು ಸುಮ್ಮನಾಗುತ್ತಿದ್ದರು.

ಆ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುವಾಗ ಫೋನ್ ಬಂತು.

"ಭಾವ, ಬಾಯ್ಲರ್ ಬಿರುಕು ಬಿಟ್ಟಿದೆ. ಒಳಗೆ ಜನ ಇದಾರೆ. ಮಂಡಳಿಯೋರು ಬಂದು ನಿಲ್ಲಿಸಿ ಅಂತಿದಾರೆ. ನಿಲ್ಲಿಸ್ಲಾ?"

"ಏನೋ ಒಂದು ಹೇಳಿ ಅವರನ್ನ ಸಾಗಹಾಕು. ಆರ್ಡರ್ ಮುಗಿಯೋವರೆಗೂ ಆರಿಸ್ಬೇಡ."

"ಒಡೆದ್ರೆ?"

"ಒಡೆದ್ರೆ ಒಡೀಲಿ. ಈಗ ನಿರ್ದೇಶಕ ನಾನಲ್ವಲ್ಲ."

ಆ ಕಡೆಯಿಂದ ಕೇಳಿಸಿದ್ದು ಮಂಡಳಿಯ ಅಧ್ಯಕ್ಷೆಯ ಧ್ವನಿ: "ಬಾಯ್ಲರ್ ಆರಿಸಿ. ಎಲ್ಲರನ್ನೂ ಹೊರಗೆ ಕಳಿಸಿ." "ಯಾರ್ಯಾರಿದಾರೋ ಅಲ್ಲಿ?" ಎಂದು ಯಜಮಾನರು ಪಿಸುಗುಟ್ಟಿದರು. ಭಾವಮೈದುನನಿಗೆ ಅದು ಕೇಳಿಸಲಿಲ್ಲ. ಯಾರೋ ಅವನ ಕಿವಿಯ ಹತ್ತಿರ ಕೂಗಿ ಹೇಳಿದರು. "ಎಲ್ಲಾರೂ ಇದಾರೆ ಭಾವ" ಎಂದ, ಅಳು ತಡೆದುಕೊಂಡು. "ಯಾವಾಗ್ಲೂ ಇರ್ತಾರೆ. ಸ್ಪೀಕರ್ ಹಾಕದೆ ನನ್ನ ಕಿವಿಗೆ ಫೋನು ಯಾವತ್ತು ಕೇಳಿಸಿದೆ?"