ಮೂರನೆಯ ಕೂಗು

"ಒಂದ್ ಸಲ ಕೂಗು ಸಾಮಿ. ಬಂದ್ರೆ ಬಂದ, ಇಲ್ದಿದ್ರೆ ಕಾಗ್ದ ಎತ್ತಿಕ್ಕು. ಮೂರ್ ಸಲ ಮಾತ್ರ ಕೂಗ್‌ಬ್ಯಾಡ."

ಹೇಳಿದವಳು ದೊಡ್ಡಮುನಿಯಮ್ಮ, ಅಂಚೆಕಚೇರಿಯ ಮೆಟ್ಟಿಲ ಮೇಲೆ ವಡೆ ಮಾರುವ ಮುದುಕಿ. ಕೇಳಿದವನು ಕೋದಂಡಪ್ಪ, ತುಮಕೂರಿನಿಂದ ಹೊಸದಾಗಿ ಬಂದ ಪೋಸ್ಟ್‌ಮಾಸ್ಟರ್. ಅವನಿಗೆ ದೇವರಲ್ಲೇ ನಂಬಿಕೆ ಕಡಿಮೆ. ಆ ವಡೆಯ ಎಣ್ಣೆಯಲ್ಲಂತೂ ಇರಲೇ ಇಲ್ಲ.

"ನಾಲ್ಕು ಸಲ ಕೂಗಿದರೆ?" ಎಂದು ನಕ್ಕ.

"ನಗು ಸಾಮಿ, ನಗು. ಅಲ್ಲು ಇನ್ನೂ ಗಟ್ಟಿ ಅವೆ."

ಚಿನ್ನದ ಗಣಿಯೂರು ಊರಿಗಾಂ ಆಚೆಯ ಆ ಕಟ್ಟಡ ಅಂಚೆಕಚೇರಿಯಾಗುವ ಮುಂಚೆ ಒಂದು ಗಣಿಯ ಹಾಜರಿ ಕೊಠಡಿಯಾಗಿತ್ತು. ಸುರಂಗಕ್ಕಿಳಿಯುವವರ ಹೆಸರನ್ನು ಅದರ ಜಗಲಿಯಲ್ಲಿ ಕೂಗುತ್ತಿದ್ದರು. ಜ್ವರದಲ್ಲಿ ಮಲಗಿದ್ದ ಒಬ್ಬ ಆಳು ಮೂರು ಕೂಗಿಗೂ ಓಗೊಡಲಿಲ್ಲವೆಂದು ಮನೆಯಿಂದ ಎಳೆತಂದು ಇಳಿಸಿದರಂತೆ. ಅವನ ಹೆಣವೂ ಮೇಲೆ ಬರಲಿಲ್ಲ. ಅವನ ತಾಯಿ ಬೇತಮಂಗಲದವಳು, ಮಾಟ ಬಲ್ಲವಳು. ಮಸಣದ ಬೂದಿ, ಮಗನ ಕೂದಲು, ಮೊಳೆ ಹೊಡೆದ ನಿಂಬೆಹಣ್ಣು ಎಲ್ಲವನ್ನೂ ಹೊಸ್ತಿಲ ಕೆಳಗೆ ಹೂತಳು. ಇಲ್ಲಿ ಮೂರು ಕೂಗಿಗೆ ಓಗೊಡದವರನ್ನೆಲ್ಲ ನನ್ನ ಮಗನೇ ಕರೆದೊಯ್ಯಲಿ ಎಂದು ಮಣ್ಣು ತೂರಿದಳು. ಆಮೇಲೆ ಕಟ್ಟಡ ಅಂಚೆಯವರ ಪಾಲಾಯಿತು. ಅವರು ಗೋಡೆಗೆ ಸುಣ್ಣ ಹೊಡೆಸಿದರು. ಹೊಸ್ತಿಲಿಗೆ ಸುಣ್ಣ ಹೊಡೆಯುವ ಪದ್ಧತಿಯಿಲ್ಲವಲ್ಲ.

ಮರುದಿನ ಕಾಗದಗಳ ಬಟವಾಡೆಗೆ ಜಗಲಿ ತುಂಬ ಜನ.

"ಪೆರುಮಾಳ್!"

ಪೆರುಮಾಳ್ ಗಣಿಯೊಳಗಿದ್ದ. ಅವನ ಹೆಂಡತಿ ಕಂಬಕ್ಕೊರಗಿ ನಿಂತಿದ್ದಳು. ದೊಡ್ಡಮುನಿಯಮ್ಮ ಅವಳ ಪಕ್ಕೆ ತಿವಿದಳು. "ಪೆರುಮಾಳು ಅವ್ನೆ ಅಂತ ಎಸ್ರು ಇಡ್ದು ಯೋಳೇ! ಎಸ್ರು ಯೋಳಿದ್ರೇ ಓಗೊಟ್ಟಂಗೆ."

"ಅಯ್ಯೋ, ಗಂಡನ ಎಸ್ರಾ!" ಆಕೆ ನಾಚಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕೋದಂಡಪ್ಪ ಮುದುಕಿಯತ್ತ ನೋಡುತ್ತಲೇ ಎರಡನೆಯ ಸಲ ಕೂಗಿದ. ಮೂರನೆಯದನ್ನು ರಾಗವಾಗಿ ಎಳೆದ. ಜನ ನಗಲಿಲ್ಲ.

ಮಧ್ಯಾಹ್ನ ನೆಲದಡಿ ಬಂಡೆ ಸಿಡಿಯಿತು. ಮೇಜಿನ ಮೇಲಿನ ಮುದ್ರೆಗಳು ಉರುಳಿದವು. ಎಲ್ಲರೂ ಮೇಲೆ ಬಂದರು, ಪೆರುಮಾಳ್ ಒಬ್ಬನನ್ನು ಬಿಟ್ಟು.

ಕಾಕತಾಳೀಯ ಎಂದುಕೊಂಡ ಕೋದಂಡಪ್ಪ. ಆದರೂ ಸಂಜೆ ಕಚೇರಿ ಮುಚ್ಚಿದ ಮೇಲೆ ಹಾರೆ ಹಿಡಿದು ಹೊಸ್ತಿಲ ಕಲ್ಲನ್ನು ಮೀಟಿದ. ನಂಬದವನು ಹಾರೆ ಹಿಡಿದದ್ದೇಕೆಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಬೂದಿಯೊಳಗೆ ನಿಂಬೆಹಣ್ಣು ಸಿಕ್ಕಿತು. ಬಾಡಿರಲಿಲ್ಲ. ಮೊಳೆಯ ಬುಡದಲ್ಲಿ ರಸ ಜಿನುಗುತ್ತಿತ್ತು. ಅವನು ಅದನ್ನು ಬೇಲಿಯಾಚೆ ಎಸೆದು ಒಳಗೆ ಬಂದ.

ಆಗ ಗಿರಣಿಯ ಸದ್ದು ನಿಂತಿತು. ಹಗಲಿರುಳು ಅದಿರು ಕುಟ್ಟುವ ಸದ್ದು, ನಿಂತಾಗಲೇ ಕಿವಿಗೆ ಬಿದ್ದಿತು. ದೀಪ ಕುಗ್ಗಿತು. ಒದ್ದೆ ಕಲ್ಲಿನ, ಸಿಡಿಮದ್ದಿನ ಹೊಗೆಯ ವಾಸನೆ ಬಾಗಿಲಲ್ಲಿ ಬಂದು ನಿಂತಿತು.

"ಕೋದಂಡಪ್ಪ!"

ಜಗಲಿಯ ಕತ್ತಲಿಂದ ಕೂಗಿದ್ದು ಅವನದೇ ದನಿ. ಬೆಳಗಿನದೇ ರಾಗ. ಇದ್ದೇನೆ ಎನ್ನಲು ಬಾಯಿ ತೆರೆದ. ನಾಲಗೆ ಅಂಗುಳಕ್ಕೆ ಅಂಟಿತ್ತು.

"ಕೋದಂಡಪ್ಪ!"

ಕಚೇರಿಯ ಹಿಂಬದಿಯ ಅಡಿಗೆಮನೆಯಿಂದ ಹೆಂಡತಿ ವೆಂಕಟರತ್ನಮ್ಮ ಸೌಟು ಹಿಡಿದೇ ಓಡಿಬಂದಳು. ಅವನು ಬಾಯಿಯತ್ತ ಬೆರಳು ತೋರಿಸಿದ. ಅವಳಿಗೆ ತಿಳಿಯಿತು, ಪೆರುಮಾಳನ ಸುದ್ದಿಯನ್ನೆಲ್ಲ ಮುದುಕಿ ಹೇಳಿದ್ದಳು. ಆದರೆ ಮದುವೆಯಲ್ಲೂ ಒಗಟಿನ ಮರೆಯಲ್ಲಿ ಹೇಳಿದ ಹೆಸರು ಅದು.

"ನಮ್ಮೋರು... ಇಲ್ಲೇ ಇದಾರೆ."

ಕತ್ತಲು ಕಾದು ನಿಂತಿತು. ಅದಕ್ಕೆ ಹೆಸರು ಬೇಕಿತ್ತು. ಹೊರಗೆ ಯಾರೋ ದೀರ್ಘವಾಗಿ ಉಸಿರೆಳೆದುಕೊಂಡರು.

"ಕೋದಂಡಪ್ಪ ಇದಾರೆ!" ಚೀರಿದಳು. "ಕೋದಂಡಪ್ಪ ಇಲ್ಲೇ ಇದಾರೆ!"

ಉಸಿರು ನಿಂತಿತು. ಅವನ ನಾಲಗೆ ಸಡಿಲವಾಯಿತು. ಗಂಟಲಲ್ಲಿ ಗಾಳಿಯಾಡಿತು. ಬದುಕಿದೆ ಎಂದುಕೊಂಡ.

"ವೆಂಕಟರತ್ನಮ್ಮ!"

ಇನ್ನೊಬ್ಬರ ಪರವಾಗಿ ಓಗೊಟ್ಟವರ ಕಡೆಗೇ ಅದು ತಿರುಗಿತ್ತು. ಅವಳ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಅವನತ್ತ ನೋಡಿದಳು. ಹೆಂಡತಿಯ ಹೆಸರು ಹೇಳಬಾರದೆಂಬ ಕಟ್ಟಳೆ ಯಾವ ಗಂಡಸಿಗೂ ಇಲ್ಲ.

"ವೆಂಕಟರತ್ನಮ್ಮ!"

ಹೇಳಬೇಕು. ಹೇಳಿದರೆ ಮತ್ತೆ ನನ್ನ ಸರದಿ. ಹೇಳಬೇಕು. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು. ಅವನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡ.

ಮೂರನೆಯ ಕೂಗೂ ಆಯಿತು.

ವೆಂಕಟರತ್ನಮ್ಮ ಸೌಟನ್ನು ಮೆಲ್ಲಗೆ ನೆಲಕ್ಕಿಟ್ಟಳು. ಸೆರಗು ಸರಿಪಡಿಸಿಕೊಂಡಳು. ಹೊಸ್ತಿಲು ದಾಟಿ ಹೋದಳು.