ನೀಲಿ ದಾರದ ಬಾಟಲಿ

ನನ್ನ ಗಾಡಿಯನ್ನು ಅವನು ಮೊದಲ ಸಲ ತೊಳೆದ ದಿನವೇ ನಾನು ಅವನೊಂದಿಗೆ ಜಗಳವಾಡಿದ್ದೆ. ಅವನು ಅತ್ತಿಗೆಯ ತಮ್ಮ. ಹೊಸದಾಗಿ ವಾಟರ್ ವಾಷ್ ಅಂಗಡಿ ಹಾಕಿದ್ದಾನೆ, ಅಲ್ಲೇ ಹೋಗು ಎಂದು ಮನೆಯವರೆಲ್ಲ ಹೇಳಿದ್ದರು. ಹೋಗಿ ನೋಡಿದರೆ ಚಕ್ರದ ಸಂದಿನಲ್ಲಿ ಸಿಕ್ಕಿಕೊಂಡ ಒಂದು ಮಣ್ಣುಂಡೆಗೆ ಅರ್ಧ ಟ್ಯಾಂಕು ನೀರು ಸುರಿಯುತ್ತಿದ್ದ.

"ನಿಲ್ಸಿ ಸಾಕು. ಇಷ್ಟು ನೀರಲ್ಲಿ ನಾನೊಂದು ಟ್ರಿಪ್ ಮುಗಿಸ್ತೀನಿ."

"ಟ್ರಿಪ್ ಮುಗಿಸಿದೋರು ಹೀಗೆ ಮಣ್ಣು ಹೊತ್ಕೊಂಡು ಬರ್ತಾರಲ್ಲ ಡ್ರೈವರಮ್ಮ, ಅದಕ್ಕೇ ನನ್ನ ಅಂಗಡಿ ನಡೀತಿರೋದು."

ನಗುವಾಗ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ. ಅದನ್ನು ನಾನು ಆ ದಿನವೇ ನೋಡಿ ಮುಖ ತಿರುಗಿಸಿಕೊಂಡೆ. ಯಾರಿಗೂ ಹೇಳಲಿಲ್ಲ.

ರಸ್ತೆ ಮುಗಿದ ಮೇಲೂ ಗಾಡಿ ಓಡಿಸಿಕೊಂಡು ಹೋಗಿ ಜನರಿಗೆ ಕ್ಯಾಂಪ್ ಮಾಡಿಸುವುದು ನನ್ನ ಕಸುಬು. ನೀರಿನ ವಿಷಯದಲ್ಲಿ ನಾನು ಮಹಾ ಜಿಪುಣಿ. ನೀರನ್ನೆಲ್ಲ ಒಂದೇ ಕ್ಯಾನಿನಲ್ಲಿ ತುಂಬುವುದಿಲ್ಲ, ಒಂದು ಒಡೆದರೆ ಇನ್ನೊಂದಿರಬೇಕು. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಸ್ಪ್ರೇ ಬಾಟಲಿಯಿಂದ ಒಂದೆರಡು ಸಲ ಚಿಮುಕಿಸಬೇಕು, ಅಷ್ಟೇ. ಕೈ ತೊಳೆದ ನೀರನ್ನೂ ಬೇಸಿನ್ನಿನಲ್ಲಿ ಉಳಿಸಬೇಕು. ಪ್ರತಿಯೊಬ್ಬರ ಬಾಟಲಿಯ ಕುತ್ತಿಗೆಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿರುತ್ತೇನೆ. ಯಾರು ಎಷ್ಟು ಕುಡಿದರು ಎಂದು ನನಗೆ ಗೊತ್ತಾಗಬೇಕು, ಹಾಗಾಗಿ ಒಬ್ಬರ ಬಾಟಲಿಗೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ.

ಈ ಸಲದ ಟ್ರಿಪ್ ಮನೆಮಂದಿಯದ್ದೇ. ಒಂದು ಗಾಡಿಯಲ್ಲಿ ಅಣ್ಣ, ಅತ್ತಿಗೆ. ನನ್ನ ಗಾಡಿಯಲ್ಲಿ ನಾನು. ಬರುವುದಿಲ್ಲ ಎಂದಿದ್ದ ವಾಟರ್ ವಾಷ್‌ನವನು ಕೊನೇ ಗಳಿಗೆಯಲ್ಲಿ ಬ್ಯಾಗು ಹಿಡಿದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತ. ಮೊದಲ ಸಂಜೆಯೇ ಅಣ್ಣನ ಬಾಟಲಿಯಿಂದ ಗುಟುಕರಿಸಿದ ಅತ್ತಿಗೆಗೆ ನಾನು ಬೈದಾಗ ಅವನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಗಂಡನದು ಕಣೇ," ಅಂದಳು ಅತ್ತಿಗೆ.

"ಗಂಡ ನಿಮ್ಮೋನು ಅತ್ತಿಗೆ, ಬಾಟಲಿ ನನ್ನದು."

ಮರುದಿನ ಬೆಳಿಗ್ಗೆ ನನ್ನ ಗಾಡಿಯ ಮುಂಚಕ್ರದ ಬೇರಿಂಗ್ ಹೋಯಿತು. ಸುತ್ತ ಬೋಳು ಬಯಲು, ಫೋನಿಗೆ ಸಿಗ್ನಲ್ ಇಲ್ಲ. ಹೊಸದನ್ನು ತರಲು ಅಣ್ಣ ತನ್ನ ಗಾಡಿ ತಿರುಗಿಸಿದ. "ಮಧ್ಯಾಹ್ನದೊಳಗೆ ಬರ್ತೀವಿ. ಗಾಡಿ ಬಿಟ್ಟು ಎಲ್ಲೂ ಹೋಗ್ಬೇಡಿ," ಅಂದ. ಅವನಿಗೆ ದಾರಿ ಗೊತ್ತಾಗಲ್ಲ ಎಂದು ಅತ್ತಿಗೆಯೂ ಹತ್ತಿದಳು. ಹತ್ತುವಾಗ ತಮ್ಮನಿಗೆ ಕಣ್ಣು ಹೊಡೆದದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಟಾರ್ಪಾಲು ಕಟ್ಟಲು ಹೋದೆ.

ನಮ್ಮ ಪಾಲಿಗೆ ಒಂದು ತುಂಬಿದ ಕ್ಯಾನು, ಇನ್ನೊಂದು ಅರ್ಧ. ಇಬ್ಬರಿಗೆ ನಾಳೆಯವರೆಗೆ ಸಾಕು. ಅರ್ಧ ಕ್ಯಾನಿನ ಮಟ್ಟಕ್ಕೆ ಟೇಪು ಅಂಟಿಸಿಟ್ಟೆ.

ಮಧ್ಯಾಹ್ನ ಕಳೆಯಿತು. ಅಣ್ಣನ ಸುಳಿವಿಲ್ಲ. ಬಿಸಿಲಿಗೆ ಗಾಡಿಯ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಬೆಳಿಗ್ಗೆಯಿಂದ ತಮಾಷೆ ಮಾಡುತ್ತಿದ್ದವನು ಟೈರಿಗೆ ಒರಗಿ ಸುಮ್ಮನಾಗಿದ್ದ. ನನ್ನ ಬಾಟಲಿ ತುಂಬಿಸಿಕೊಳ್ಳಲು ಕ್ಯಾನಿನ ಹತ್ತಿರ ಹೋದವಳು ಹಾಗೇ ನಿಂತೆ.

ನೀರು ಟೇಪಿನ ಮಟ್ಟಕ್ಕೇ ಇತ್ತು.

ಅವನು ಎರಡು ಸಲ ಖಾಲಿ ಬಾಟಲಿ ತಂದಿದ್ದ, ಎರಡು ಸಲವೂ ನಾನೇ ತುಂಬಿಸಿಕೊಟ್ಟಿದ್ದೆ. ನಾನು ಕುಡಿದದ್ದು ಬೆಳಿಗ್ಗೆಯೇ ತುಂಬಿಸಿಟ್ಟುಕೊಂಡ ನನ್ನ ಬಾಟಲಿಯ ನೀರು. ನೀರು ಕಡಿಮೆಯಾಗಿದ್ದರೆ ನನಗೆ ಭಯವಾಗುತ್ತಿರಲಿಲ್ಲ. ಅವನು ತನ್ನ ಪಾಲನ್ನೆಲ್ಲ ಕ್ಯಾನಿಗೇ ವಾಪಸು ಸುರಿದಿದ್ದ.

ಓಡಿಹೋಗಿ ಅವನ ಹಣೆ ಮುಟ್ಟಿದೆ. ಕಾದು ಒಣಗಿತ್ತು. ಬೆವರು ನಿಂತೇ ಹೋಗಿತ್ತು.

"ನೀರು ಕುಡೀಲಿಲ್ವಾ ನೀವು?"

"ಉಳಿಸ್ದೆ." ನಾಲಿಗೆ ತೊದಲುತ್ತಿತ್ತು. "ಅಕ್ಕ ಹೇಳಿದ್ಲು. ಅವಳ ಗಾಡೀಲಿ ನೀರು ಉಳಿಸಿ ತೋರಿಸು, ಆಮೇಲೆ ಮದುವೆ ಮಾತು ಎತ್ತು ಅಂತ." ಸುತ್ತ ನೋಡಿ ಕೇಳಿದ, "ಭಾವ ಯಾವಾಗ ಬಂದ್ರು?"

ಯಾರೂ ಬಂದಿರಲಿಲ್ಲ.

"ತೊಳೆಯೋದ್ರಲ್ಲಿ ಉಳಿಸ್ಬೇಕು ಕಣ್ರೀ, ಕುಡಿಯೋದ್ರಲ್ಲಲ್ಲ," ಎಂದು ಬೈಯುತ್ತಲೇ ಅವನನ್ನು ನೆರಳಿಗೆ ಎಳೆದೆ. ಅಂಗಿಯ ಗುಂಡಿ ಬಿಚ್ಚಿದೆ. ಬೇಸಿನ್ನಿನ ನೀರಿನಲ್ಲಿ ಟವೆಲ್ ಅದ್ದಿ ಕುತ್ತಿಗೆಗೆ, ಕಂಕುಳಿಗೆ ಒತ್ತಿ, ರಟ್ಟಿನಿಂದ ಗಾಳಿ ಹಾಕಿದೆ. ಬೇಸಿನ್ ಖಾಲಿಯಾಯಿತು. ಅವನ ಮೈ ಇನ್ನೂ ಸುಡುತ್ತಿತ್ತು.

ತುಂಬಿದ ಕ್ಯಾನಿನ ಮುಚ್ಚಳ ತೆಗೆದೆ. ಇದನ್ನು ಸುರಿದು, ಅಣ್ಣ ಇವತ್ತು ಬಾರದೆ ಹೋದರೆ ನಾಳೆ ನಮಗೆ ಗತಿಯಿಲ್ಲ. ಗೊತ್ತಿದ್ದೂ ಒಂದು ಮಗ್ ತುಂಬ ಮೊಗೆದು ಅವನ ತಲೆಗೆ ಸುರಿದೆ. ಇನ್ನೊಂದು ಸುರಿದೆ. ಅವನ ಬಾಟಲಿಗೆ ನೀರು ತುಂಬಿ, ಸಕ್ಕರೆ, ಚಿಟಿಕೆ ಉಪ್ಪು ಕದಡಿ ಒಂದು ಗುಟುಕು ಕುಡಿಸಿದರೆ ಕಕ್ಕಿಬಿಟ್ಟ. ಆಮೇಲೆ ಬಾಟಲಿಯ ಮುಚ್ಚಳದಲ್ಲಿ ಸ್ವಲ್ಪ ಸ್ವಲ್ಪವೇ ಕೊಟ್ಟೆ. ಒಂದು ಮುಚ್ಚಳ, ಸ್ವಲ್ಪ ಗಾಳಿ, ಮತ್ತೊಂದು ಮುಚ್ಚಳ. ಇವನೊಬ್ಬ ಉಳಿದರೆ ಸಾಕು, ಮಿಕ್ಕಿದ್ದೆಲ್ಲ ಹಾಳಾಗಿ ಹೋಗಲಿ ಎಂದು ಮನಸ್ಸು ಬಾಯಿಬಿಟ್ಟು ಹೇಳುತ್ತಿತ್ತು.

ನೆರಳು ಗಾಡಿಯ ಆ ಬದಿಗೆ ಸರಿಯುವ ಹೊತ್ತಿಗೆ ಅವನ ಹಣೆಯ ಮೇಲೆ ಒಂದು ಹನಿ ಕಂಡಿತು. ನಾನು ಸುರಿದದ್ದೇ ಇರಬೇಕೆಂದು ಒರೆಸಿದೆ. ಮತ್ತೆ ಮೂಡಿತು.

ಬೆವರು.

ನನಗೆ ಅಳು ತಡೆಯಲಾಗಲಿಲ್ಲ.

ಅವನು ನಿಧಾನಕ್ಕೆ ಕಣ್ಣು ಬಿಟ್ಟ. "ಅಳ್ಬೇಡಿ ಡ್ರೈವರಮ್ಮ. ನೀರು ವೇಸ್ಟು."

"ಬಾಯ್ಮುಚ್ಚಿ." ಮೂಗೊರೆಸಿಕೊಂಡೆ. "ಪರೀಕ್ಷೆ ಬರೀರಿ ಅಂತ ನಾನು ಕೇಳಿದ್ನಾ? ನನ್ನನ್ನೇ ನೇರ ಕೇಳೋಕೆ ಏನಾಗಿತ್ತು?"

"ಇಲ್ಲ ಅಂದ್ಬಿಟ್ರೆ?"

"ಹೋದ ತಿಂಗಳು ಎಷ್ಟು ಸಲ ಗಾಡಿ ತೊಳೆಸೋಕೆ ಬಂದೆ ಹೇಳಿ."

ಅವನು ಯೋಚಿಸಿದ. "ವಾರ ವಾರ ಬಂದ್ರಿ."

"ಟ್ರಿಪ್ ಎಷ್ಟಿತ್ತು?"

"ಒಂದೂ ಇರ್ಲಿಲ್ಲ. ಗಾಡೀಲಿ ಮಣ್ಣೇ ಇರ್ಲಿಲ್ಲ."

"ತಟ್ಟೆಗೆ ಸ್ಪ್ರೇ ಹೊಡೆಯೋಳು ಕ್ಲೀನಾಗಿರೋ ಗಾಡಿ ಯಾಕಪ್ಪಾ ತೊಳೆಸ್ತಾಳೆ? ಅಷ್ಟೂ ಗೊತ್ತಾಗ್ಲಿಲ್ವಾ ನಿನಗೆ?"

ಬಾಯಿಗೆ 'ನೀನು' ಎಂದು ಬಂದದ್ದು ಇಬ್ಬರಿಗೂ ಕೇಳಿಸಿತು. ಒಣಗಿದ ತುಟಿಯಲ್ಲೇ ಅವನು ನಕ್ಕ, ಎಡಗೆನ್ನೆಯ ಗುಳಿ ಬಿತ್ತು. ಈ ಸಲ ನಾನು ಮುಖ ತಿರುಗಿಸಲಿಲ್ಲ.

"ಹಾಗಾದ್ರೆ ಕೇಳ್ಲಾ?"

"ಮೊದಲು ಕುಡಿ."

ಅವನು ನೀಲಿ ದಾರದ ತನ್ನ ಬಾಟಲಿಯಿಂದ ನಿಧಾನವಾಗಿ ಕುಡಿದ. ಆಮೇಲೆ ಕೇಳಿದ, ಎರಡೇ ಮಾತು. ಕೇಳಿ ಮುಗಿಸಿ, ಬಿರಿದ ನನ್ನ ತುಟಿಯನ್ನು ನೋಡಿ ಬಾಟಲಿಯನ್ನು ನನ್ನತ್ತ ಚಾಚಿದ. ನಿಯಮ ನೆನಪಾಗಿ ತಕ್ಷಣ ಕೈ ಹಿಂದೆ ತೆಗೆದುಕೊಂಡ. ನಾನು ಆ ಕೈ ಹಿಡಿದುಕೊಂಡೆ.

ದೂರದಲ್ಲಿ ಧೂಳೆದ್ದಿತು. ದಾರಿ ತಪ್ಪಿ ಸುತ್ತಿ ಬಂದೆವೆಂದು ಕೂಗುತ್ತಲೇ ಅಣ್ಣ ಗಾಡಿ ನಿಲ್ಲಿಸಿದ. ಇಳಿದ ಅತ್ತಿಗೆ ತಮ್ಮನ ಮುಖ ನೋಡಿ ಓಡಿಬಂದಳು.

"ಈಗ ಪರವಾಗಿಲ್ಲ. ಸೀದಾ ಡಾಕ್ಟರ ಹತ್ರ ಹೋಗೋಣ," ಅಂದೆ. "ನಿಮಗಿದೆ ಅತ್ತಿಗೆ, ಆಮೇಲೆ."

ತಮ್ಮನ ಕೈ ಸವರುತ್ತಿದ್ದವಳ ಕಣ್ಣು ನನ್ನ ಕೈಯಲ್ಲಿದ್ದ ನೀಲಿ ದಾರದ ಬಾಟಲಿಯ ಮೇಲೆ ಬಿತ್ತು.

"ಅದು ಅವನ ಬಾಟಲಿ ಅಲ್ವೇನೇ?"

"ಗೊತ್ತು ಅತ್ತಿಗೆ," ಎಂದು ಇನ್ನೊಂದು ಗುಟುಕು ಕುಡಿದೆ.