ಕಾಂಟೆಸಾದ ಎಂಟು ಟ್ಯಾಪೆಟ್

ಕ್ಯಾಮ್‌ಶಾಫ್ಟ್ ನನ್ನ ಕೈಯಲ್ಲಿತ್ತು, ಟ್ಯಾಪೆಟ್‌ಗಳು ಯಾರದೋ ಕೈ ಸೇರಿದ್ದವು. ಪುತ್ತೂರಿನ ಅಲಿ ಕುಂಞಿಚ್ಚನ ಗುಜರಿ ಅಂಗಡಿಯ ಮುಂದೆ ನಿಂತು ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ.

ಎರಡೂ ಒಂದೇ ಎಂಜಿನ್‌ನಿಂದ ಬಿಚ್ಚಿದ ಸಾಮಾನು. ಕ್ಯಾಮ್‌ಶಾಫ್ಟನ್ನು ನನಗೆ ಮಾರಿ, ಅದರ ಉಬ್ಬುಗಳ ಮೇಲೆ ಕೂತು ವಾಲ್ವ್ ಎತ್ತುವ ಎಂಟು ಟ್ಯಾಪೆಟ್‌ಗಳನ್ನು ಮರುದಿನವೇ ಇನ್ಯಾರಿಗೋ ಕೊಟ್ಟಿದ್ದರು ಪುಣ್ಯಾತ್ಮ. ಹೊಸದಾದರೆ ಹೇಗೋ ನಡೆಯುತ್ತದೆ. ಹಳೆಯದು ಹಾಗಲ್ಲ. ವರ್ಷಗಟ್ಟಲೆ ಒಂದಕ್ಕೊಂದು ಉಜ್ಜಿ ಸವೆದಿರುತ್ತವೆ. ಯಾವ ಟ್ಯಾಪೆಟ್ ಯಾವ ಉಬ್ಬಿನ ಮೇಲಿತ್ತೋ ಮತ್ತೆ ಅಲ್ಲೇ ಕೂರಬೇಕು. ಬೇರೆಯದರ ಜೊತೆ ಕೂರಿಸಿದರೆ ಎರಡೂ ಹಾಳು.

ನಾನು ಕೇಳಿದ್ದು ಬರೀ ಶಾಫ್ಟ್ ಎಂದು ಅಲಿ ಕುಂಞಿಚ್ಚ ನೆನಪಿಸಿದರು. ಅದು ನಿಜ. ಟ್ಯಾಪೆಟ್ ಹೊಸದು ಸಿಗುತ್ತದೆಂದು ನಂಬಿದ್ದೆ; ಪೇಟೆಯಲ್ಲಿ ಈಗ ಸಿಗುವುದೆಲ್ಲ ಡೂಪ್ಲಿಕೇಟ್, ಆರು ತಿಂಗಳಿಗೆ ಸವೆಯುವಂಥದ್ದು ಎಂದು ಆಮೇಲೆ ಗೊತ್ತಾಯಿತು. ಅವರು ಫೋನ್ ತಡಕಿ ಟ್ಯಾಪೆಟ್ ಕೊಂಡ ಕಡಬದ ಸುಜಯ್ ಎಂಬವನ ನಂಬರ್ ಕೊಟ್ಟರು. ಅಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ವರ್ಕ್‌ಶಾಪ್ ಇಟ್ಟಿದ್ದಾನಂತೆ.

ಫೋನ್ ಎತ್ತಿದ ಕೂಡಲೇ ಬೈಯಲು ಶುರುಮಾಡಿದೆ. ಆ ಕಡೆಯಿಂದ ನಗು ಕೇಳಿಸಿತು.

"ಓ, ಶಾಫ್ಟ್ ಹೊತ್ತುಕೊಂಡು ಹೋದದ್ದು ನೀವಾ? ನಿನ್ನೆಯಿಂದ ನಿಮ್ಮನ್ನೇ ಹುಡುಕ್ತಾ ಇದ್ದೇನೆ ಮಾರಾಯ್ರೆ."

ಆ ನಗುವಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ಮುಖಕ್ಕೆ ಮುಖ ಕೊಟ್ಟು ತೀರಿಸಿಕೊಳ್ಳೋಣವೆಂದು ಸುಳ್ಯಕ್ಕೆ ಬರಹೇಳಿದೆ.

ಸುಳ್ಯದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಹೆಸರು ಸುರಕ್ಷಾ; ಸ್ಕೂಲಿನದ್ದೂ ಅದೇ, ನನ್ನದೂ ಅದೇ. ಅದರ ಹಿಂದಿನ ಶೆಡ್ಡಿನಲ್ಲಿ ಮಂಡೆಕೋಲಿನ ನಮ್ಮ ಮನೆಯಿಂದ ಎಳೆದು ತಂದ ಅಪ್ಪನ ಕಾಂಟೆಸಾ ನಿಂತಿತ್ತು. ಉದ್ದ ಮೂತಿ, ಅಗಲ ಸೊಂಟ. ಈಗಿನ ಹುಡುಗರು ಇನ್‌ಸ್ಟಾದಲ್ಲಿ ಇಂಡಿಯಾದ ಮಸಲ್ ಕಾರು ಎಂದು ಕುಣಿಯುವುದು ಇದನ್ನೇ ನೋಡಿ. ನನ್ನ ಅಪ್ಪ ಜತ್ತಪ್ಪನಿಗೆ ನಾನೊಬ್ಬಳೇ ಮಗಳು. ಗಂಡು ಮಕ್ಕಳಿಲ್ಲದ ಮನೆ ಎಂದು ಯಾರಾದರೂ ಮರುಕಪಟ್ಟರೆ ಅಪ್ಪ ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟು ತೋರಿಸುತ್ತಿದ್ದರು. ಅದು ಓಡಬೇಕು, ನಾನೇ ಓಡಿಸಬೇಕು ಎನ್ನುವುದು ನನ್ನ ಹಟ.

ಸುಜಯ್ ಬಂದದ್ದು ಬೈಕಿನಲ್ಲಿ, ಎದೆಗೆ ಒಂದು ಮೊಟ್ಟೆ ಟ್ರೇ ಕಟ್ಟಿಕೊಂಡು. ಎಂಟು ಟ್ಯಾಪೆಟ್ ಎಂಟು ಗುಳಿಗಳಲ್ಲಿ ಸಾಲಾಗಿ ಕೂತಿದ್ದವು. ಒಂದೊಂದರ ನೆತ್ತಿಯಲ್ಲೂ ಕೆಂಪು ನೇಲ್ ಪಾಲಿಶ್‌ನಲ್ಲಿ ಬರೆದ ನಂಬರ್.

ನೇಲ್ ಪಾಲಿಶ್ ಯಾರದೆಂದು ಕೇಳಿದೆ. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

"ಅಂಗಡಿಯದ್ದು. ಹಚ್ಚಿಕೊಳ್ಳುವವರು ಇನ್ನೂ ಸಿಗಲಿಲ್ಲ" ಎಂದು ಅವನು ನನ್ನ ಗ್ರೀಸ್ ಹತ್ತಿದ ಉಗುರುಗಳನ್ನು ನೋಡಿದ. ನಾನು ಕೈಯನ್ನು ಬೆನ್ನ ಹಿಂದೆ ಅಡಗಿಸಿದೆ.

ಶಾಫ್ಟ್ ತನಗೆ ಕೊಡಬೇಕೆಂದು ಅವನು, ಟ್ಯಾಪೆಟ್ ನನಗೇ ಬೇಕೆಂದು ನಾನು. ಅವನ ಹತ್ತಿರವೂ ಯಾರೋ ಗಿರಾಕಿಯ ಹಳೇ ಕಾರೊಂದು ಕಾಯುತ್ತಿತ್ತು. ಎರಡು ಚಹಾ ಮುಗಿಯುವವರೆಗೂ ಜಗಳವಾಡಿದೆವು. ಕೊನೆಗೆ ಅವನು ಎದ್ದು ಶೆಡ್ಡಿನೊಳಗೆ ಹೋಗಿ ಬಾನೆಟ್ ಎತ್ತಿದ, ಬಹಳ ಹೊತ್ತು ಬಗ್ಗಿ ನೋಡಿದ. ಟ್ಯಾಪೆಟ್ ಕೊಡುತ್ತೇನೆ, ಆದರೆ ಈ ಎಂಜಿನ್ ಕಟ್ಟುವುದು ನಾನೇ ಎಂದ. ಗಿರಾಕಿಗೆ ಬೇರೆ ಸಾಮಾನು ಹುಡುಕುತ್ತಾನಂತೆ. ಅವನು ಸೋತದ್ದು ಕಾರಿಗೋ ನನಗೋ ಎಂದು ಆಗ ತಿಳಿಯಲಿಲ್ಲ.

ಆಮೇಲೆ ಭಾನುವಾರ ಎಂದರೆ ಸುಜಯ್ ಬರುವ ದಿನವಾಯಿತು.

ವಾಲ್ವ್‌ಗಳನ್ನು ಅವುಗಳ ಸೀಟಿಗೆ ಉಜ್ಜಿ ಕೂರಿಸುವ ಕೆಲಸ ತಿಂಗಳು ಹಿಡಿಯಿತು. ಬೇಗ ಮುಗಿಸುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಮರದ ಕೋಲಿನ ತುದಿಯ ರಬ್ಬರನ್ನು ವಾಲ್ವಿಗೆ ಅಂಟಿಸಿ, ಪೇಸ್ಟ್ ಹಚ್ಚಿ, ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ತಿರುಗಿಸುವುದು. ಬೆಂಚಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ನಾನು. ತಲೆ ಎತ್ತಿದರೆ ಅವನು ನೋಡುತ್ತಿರುತ್ತಿದ್ದ. ಸಿಕ್ಕಿಬಿದ್ದ ಕೂಡಲೇ ವಾಲ್ವನ್ನು ಬೆಳಕಿಗೆ ಹಿಡಿದು ಭಾರೀ ಪರೀಕ್ಷೆ ಮಾಡುವವನ ಹಾಗೆ ಕಣ್ಣು ಕಿರಿದು ಮಾಡುತ್ತಿದ್ದ. ಅದೇ ವಾಲ್ವನ್ನು ಮೂರನೇ ಸಲ ನೋಡುತ್ತಿದ್ದೀರಿ ಎಂದರೆ ಕಿವಿಯ ತುದಿ ಕೆಂಪಾಗುತ್ತಿತ್ತು.

ಅವನು ನನ್ನ ಹತ್ತಿರ ಕನ್ನಡದಲ್ಲಿ, ಪಕ್ಕದ ಹೋಟೆಲಿನವರ ಹತ್ತಿರ ತುಳುವಿನಲ್ಲಿ, ಅಲಿ ಕುಂಞಿಚ್ಚನ ಹತ್ತಿರ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದ. ಯಾವ ಜಾತಿಯವನೋ, ಮನೆಯಲ್ಲಿ ಹೇಗೆ ಹೇಳುವುದೋ ಎಂದು ನಾನು ಒಳಗೊಳಗೇ ಹೆದರಿಕೊಂಡಿದ್ದೆ. ಒಂದು ಭಾನುವಾರ ಅವನ ತಾಯಿಯ ಫೋನ್ ಬಂತು.

"ಸುಳ್ಯಲಿ ಒಳೆ ಅವ್ವ, ಕೆಲ್ಸ ಉಟ್ಟು" ಎಂದು ಸುಳ್ಯದಲ್ಲೇ ಇರುವುದಾಗಿ ಹೇಳಿದ.

ಅಚ್ಚ ಅರೆಭಾಷೆ. ನಮ್ಮ ಗೌಡರ ಮನೆಗಳಲ್ಲಿ ಆಡುವ ಭಾಷೆ. ನನ್ನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು. ನಮ್ಮದೂ ಅದೇ ಎಂದೆ.

ಅವನೂ ಗೌಡರ ಹುಡುಗ, ನಾನೂ ಗೌಡರ ಹುಡುಗಿ. ಇಬ್ಬರೂ ಇಷ್ಟು ದಿನ ಅದೇ ಹೆದರಿಕೆ ಹೊತ್ತು ತಿರುಗಿದ್ದೆವು! ಶೆಡ್ಡಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿಯುವ ಹೊತ್ತಿಗೆ ಅವನು ನನ್ನ ಕೈ ಹಿಡಿದಿದ್ದ, ಗ್ರೀಸ್ ಸಮೇತ.

"ಇನ್ನು ಎಂತ ಅಡ್ಡಿ ಉಂಟು ಸುರಕ್ಷಾ? ಮನೆಗೆ ಬಂದು ಕೇಳುತ್ತೇನೆ."

ಅಡ್ಡಿ ಏನೂ ಇಲ್ಲವೆಂದು ನಾನೂ ನಂಬಿದೆ. ಕೇಳಬೇಕಾದ ಒಂದು ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಇಬ್ಬರು ಹಿರಿಯರು ಮದುವೆ ಮನೆಯಲ್ಲಿ ಎದುರಾದರೆ ಹೆಸರಿಗಿಂತ ಮೊದಲು ಕೇಳುವ ಪ್ರಶ್ನೆ ಅದು. ನಾವು ಟ್ಯಾಪೆಟ್, ಪುಶ್‌ರಾಡ್ ಎಂದು ಮಾತಾಡುತ್ತಾ ಅದನ್ನು ಮರೆತೇ ಬಿಟ್ಟೆವು.

ಮಂಡೆಕೋಲಿನ ನಮ್ಮ ಮನೆಗೆ ಸುಜಯ್‌ನ ಜೊತೆ ಅವನ ತಾಯಿ ಕುಮುದಿನಿ ಬಂದರು, ದೊಡ್ಡಪ್ಪ ಸಂಕಪ್ಪನೂ ಬಂದರು. ತಂದೆ ಇಲ್ಲದ ಹುಡುಗ, ಮಾತಿಗೆ ದೊಡ್ಡಪ್ಪನೇ ಹಿರಿಯರು. ನಾನು ಕಾಫಿ ತಂದೆ. ಕುಮುದಿನಿಯಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಡೆ ನೇವರಿಸಿದರು. ಸಂಕಪ್ಪ ಲೋಟ ಎತ್ತಿಕೊಂಡು, ಸುಮ್ಮನೆ ಮಾತಿಗೆ ಎನ್ನುವಂತೆ ಅಪ್ಪನನ್ನು ಕೇಳಿದರು.

"ನಿಮ್ಮದು ಬಳಿ ಯಾವುದು?"

"ನಂದರ" ಎಂದರು ಅಪ್ಪ.

ಸಂಕಪ್ಪ ಲೋಟವನ್ನು ಹಾಗೇ ಕೆಳಗಿಟ್ಟರು. ಅವರದ್ದೂ ನಂದರ ಬಳಿಯೇ. ಮನೆತನದ ಹೆಸರು ಬೇರೆ, ಊರು ಬೇರೆ, ಆದರೆ ಗೋತ್ರದ ಹಾಗೆ ತಂದೆಯ ಕಡೆಯಿಂದ ಹರಿದು ಬಂದ ಬಳಿ ಒಂದೇ. ಒಂದೇ ಬಳಿಯವರೆಂದರೆ ಒಂದೇ ಹೊಟ್ಟೆಯವರ ಲೆಕ್ಕ. ನನಗೂ ಸುಜಯ್‌ಗೂ ನಡುವೆ ಈಗ ಇದ್ದ ಸಂಬಂಧ ಅಣ್ಣ ತಂಗಿಯದು.

ಯಾರಾದರೂ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬೈದಿದ್ದರೆ ನಾನೂ ಬೈಯುತ್ತಿದ್ದೆ; ಜಗಳ ನನಗೆ ಹೊಸದಲ್ಲ. ಆದರೆ ಎಲ್ಲರೂ ನಕ್ಕುಬಿಟ್ಟರು. ಗೊತ್ತಾದದ್ದು ಒಳ್ಳೆಯದೇ ಆಯಿತೆಂದರು ಸಂಕಪ್ಪ. ಸೊಸೆ ಕೇಳಲು ಬಂದವಳಿಗೆ ಮಗಳು ಸಿಕ್ಕಳೆಂದು ಕುಮುದಿನಿಯಮ್ಮ ನನ್ನ ಕೆನ್ನೆ ಹಿಡಿದರು. ಅಪ್ಪನ ಕಣ್ಣು ತುಂಬಿತ್ತು. ಗಂಡು ಮಕ್ಕಳಿಲ್ಲದ ಮನೆಗೆ ಮಗ ಬಂದನಲ್ಲ ಎಂದು ಸುಜಯ್‌ನ ಹೆಗಲು ತಟ್ಟಿದರು. ಕೋಳಿ ಸಾರು, ರೊಟ್ಟಿ ಮಾಡಿಸಿ ಊಟ ಹಾಕಿಯೇ ಕಳಿಸಿದರು. ನಾನೇ ಬಡಿಸಿದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

ಮುಂದಿನ ಭಾನುವಾರ ಅವನು ಶೆಡ್ಡಿಗೆ ಬಂದಾಗ ನಾನು ಎಲ್ಲ ಯೋಚಿಸಿ ಇಟ್ಟಿದ್ದೆ. ಕಾನೂನಿಗೆ ಬಳಿ ಗೊತ್ತಿಲ್ಲ. ಪುತ್ತೂರಿನಲ್ಲಿ ರಿಜಿಸ್ಟರ್ ಆಫೀಸ್ ಇದೆ, ಸಾಕ್ಷಿಗೆ ಅಲಿ ಕುಂಞಿಚ್ಚ ಬರುತ್ತಾರೆ, ಇನ್ನೇನು ಬೇಕು ಎಂದೆ.

ಅವನು ಸಂದು ಅಳೆಯುವ ಫೀಲರ್ ಗೇಜಿನ ತೆಳು ತಗಡುಗಳನ್ನು ಬಿಚ್ಚಿ ಮಡಚಿ ಮಾಡಿದ.

"ಅವ್ವ ನಿನ್ನನ್ನು ಮಗಳೇ ಹೇಳಿ ಕರೆದಾಯಿತು. ಇನ್ನು ನಾನು ಎಂತ ಹೇಳಿ ಕರ್ಕೊಂಡು ಹೋಗುದು?"

"ಅವರು ಕರೆಯುವ ಒಂದು ಗಂಟೆ ಮೊದಲು ನಾನು ನಿನಗೆ ಎಂತ ಆಗಿದ್ದೆ?"

ಅವನು ಗೇಜನ್ನು ಮಡಚಿ ಬೆಂಚಿನ ಮೇಲಿಟ್ಟ. ನಾನು ಅವನನ್ನು ಹೇಡಿ ಎಂದೆ. ಅವನು ತಲೆಯಾಡಿಸಿ ಒಪ್ಪಿಕೊಂಡ. ಹಾಗೆ ಒಪ್ಪಿಕೊಳ್ಳುವವನನ್ನು ಏನು ಮಾಡುವುದು?

ಆ ದಿನವೇ ಟ್ಯಾಪೆಟ್‌ಗಳ ಸಂದು ಹೊಂದಿಸಿ, ಮುಚ್ಚಳ ಹಾಕಿ, ಎಂಜಿನ್ ಶುರು ಮಾಡಿದ. ನಾಲ್ಕೈದು ಸಲ ಕೆಮ್ಮಿ ಕಾಂಟೆಸಾ ಹಿಡಿದುಕೊಂಡಿತು. ಎಷ್ಟು ನಯವಾದ ಸದ್ದು! ಒಂದು ಟಕ್ ಇಲ್ಲ, ಕಟಕಟ ಇಲ್ಲ. ಎಂಟೂ ತಮ್ಮ ತಮ್ಮ ಜಾಗದಲ್ಲಿ ಸುಖವಾಗಿದ್ದವು. ನನಗೆ ಆ ಎಂಜಿನ್‌ನ ಮೇಲೆ ಹೊಟ್ಟೆಕಿಚ್ಚಾಯಿತು, ಬಾನೆಟ್ ಮೇಲೆ ತಲೆಯಿಟ್ಟು ಅತ್ತೆ. ಅವನು ಸಮಾಧಾನ ಮಾಡಲು ಬರಲಿಲ್ಲ. ಟೂಲ್ ಬಾಕ್ಸ್ ಬೈಕಿಗೆ ಕಟ್ಟಿಕೊಂಡು ಹೋದ.

ಒಂದು ವರ್ಷ ಕಳೆಯಿತು. ಬಂದ ಸಂಬಂಧಗಳಿಗೆಲ್ಲ ಒಂದೊಂದು ಕೊಂಕು ಹುಡುಕಿ ಬೇಡ ಎಂದೆ. ಕೋಡಿಂಬಾಳದ ಗಿರಿಧರನಲ್ಲಿ ಕೊಂಕು ಸಿಗಲಿಲ್ಲ. ರಬ್ಬರ್ ವ್ಯಾಪಾರ, ಮೆತ್ತಗಿನ ಮಾತು, ನನ್ನ ಡ್ರೈವಿಂಗ್ ಸ್ಕೂಲ್ ನಡೆಯಲಿ ಎಂದು ತಾನಾಗಿ ಹೇಳಿದವ. ಬಳಿಯೂ ಬೇರೆ. ಅಪ್ಪನ ಮುಖ ನೋಡಿ ಹೂಂ ಎಂದೆ.

ಮದುವೆಗೆ ಒಂದು ವಾರ ಇರುವಾಗ ಅಪ್ಪ ಬಂದು ಸಂತೋಷದಿಂದ ಹೇಳಿದರು. ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಲು ಅಣ್ಣ ಬೇಕಲ್ಲ, ಒಡಹುಟ್ಟಿದವರಿಲ್ಲದಿದ್ದರೆ ಬಳಿಯವರು ಯಾರಾದರೂ ಆಗುತ್ತದೆ, ಸುಜಯ್‌ನನ್ನು ಕೇಳಿದ್ದೇನೆ ಎಂದು.

ಆ ವಾರ ನಾನು ಹೇಗೆ ಕಳೆದೆನೋ ದೇವರೇ ಬಲ್ಲ. ಅವನು ಒಪ್ಪಬಾರದು ಎಂದು ಹಾರೈಸಿದೆ. ಅವನೊಬ್ಬ ಆಗುವುದಿಲ್ಲ ಎಂದುಬಿಟ್ಟರೆ ಸಾಕು, ನಾನೂ ಆಗುವುದಿಲ್ಲ ಎನ್ನುವುದಕ್ಕೆ ತಯಾರಿದ್ದೆ. ಛತ್ರ ಬುಕ್ ಆಗಿರಲಿ, ನೆಂಟರು ಬಂದಿರಲಿ, ಅಪ್ಪ ಅಳಲಿ, ಎದ್ದು ಹೋಗುತ್ತಿದ್ದೆ. ಅವನು ಒಂದು ಸಲ ಹೇಡಿಯಾಗದೆ ಇದ್ದರೆ ಸಾಕಿತ್ತು.

ಅವನು ಬಂದ. ಬಿಳಿ ಪಂಚೆ, ಬಿಳಿ ಶರ್ಟು. ಸುಳ್ಯದ ಛತ್ರದ ಸಣ್ಣ ಕೋಣೆಯ ಬಾಗಿಲಲ್ಲಿ ನಿಂತಾಗ ಮೊದಲ ಸಲ ಅವನ ಕೈ ಪೂರ್ತಿ ಸ್ವಚ್ಛವಾಗಿರುವುದನ್ನು ನೋಡಿದೆ. ಉಗುರಿನ ಸಂದಿಯಲ್ಲೂ ಕಪ್ಪು ಇರಲಿಲ್ಲ. ಎಷ್ಟು ತಿಕ್ಕಿದ್ದನೋ, ಬೆರಳುಗಳು ಕೆಂಪಾಗಿದ್ದವು.

ನನ್ನ ಸುತ್ತ ಹೆಂಗಸರು. ಅವನು ಕೈ ಚಾಚಿದ, ನಾನು ಕೊಟ್ಟೆ.

ಕೋಣೆಯಿಂದ ಮಂಟಪಕ್ಕೆ ದಾರಿ ಹೆಚ್ಚಿಲ್ಲ. ವಾಲಗ ಜೋರಾಗಿತ್ತು. ಅವನು ನನ್ನ ನಡಿಗೆಗೆ ಹೊಂದಿಸಿಕೊಂಡು ನಿಧಾನವಾಗಿ ನಡೆದ, ಮಂಟಪದ ಮೆಟ್ಟಿಲು ಹತ್ತಿಸಿದ, ಗಿರಿಧರನ ಎದುರು ನಿಲ್ಲಿಸಿದ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಕೈ ಬಿಡಬೇಕು, ಹಿಂದೆ ಸರಿಯಬೇಕು.

ಅವನು ಬಿಡಲಿಲ್ಲ.

ಪುರೋಹಿತರು ತಲೆ ಎತ್ತಿ ನೋಡಿದರು. ತಂಗಿಯನ್ನು ಬಿಟ್ಟು ಕೊಡಲು ಮನಸ್ಸಿಲ್ಲ ಹುಡುಗನಿಗೆ ಎಂದು ಸಂಕಪ್ಪ ಹೇಳಿದಾಗ ಸುತ್ತಲಿದ್ದವರು ಮೆಚ್ಚಿ ನಕ್ಕರು. ಗಿರಿಧರನೂ ನಕ್ಕ. ಸುಜಯ್ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಅವನ ಹಿಡಿತ ಬಿಗಿಯಾಯಿತು. ನಾನು ಒಂದು ಮಾತು ಹೇಳಿದರೆ, ಹೋಗುವ ಎಂದು ಒಂದೇ ಒಂದು ಮಾತು ಹೇಳಿದರೆ, ಅವನು ಆ ಮೆಟ್ಟಿಲಿಳಿದು ಬರುತ್ತಿದ್ದ. ಒಂದು ವರ್ಷ ತಡವಾಗಿ ಅವನಿಗೆ ಧೈರ್ಯ ಬಂದಿತ್ತು.

ಮಂಟಪದ ಕೆಳಗೆ ಮುಂದಿನ ಕುರ್ಚಿಯಲ್ಲಿ ಕುಮುದಿನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು, ಹೆತ್ತ ಮಗಳ ಮದುವೆ ಎನ್ನುವಂತೆ. ಅಪ್ಪ ಧಾರೆಯ ಚೊಂಬು ಹಿಡಿದು ನಿಂತಿದ್ದರು. ವಾರವಿಡೀ ಎದ್ದು ಹೋಗುತ್ತೇನೆ ಎಂದುಕೊಂಡಿದ್ದವಳು ನಾನೇ. ನಿಂತಲ್ಲೇ ನಿಂತೆ. ಹೇಡಿ ಎಂದು ಅವನನ್ನು ಕರೆದಿದ್ದೆನಲ್ಲ, ನಾನು ಯಾವ ದೊಡ್ಡ ಧೈರ್ಯವಂತೆ?

ಒಂದು ವರ್ಷದಿಂದ ಎಲ್ಲರೂ ಕಲಿಸಿದರೂ ನನ್ನ ಬಾಯಿಗೆ ಬಾರದ ಶಬ್ದ ಆಗ ಬಂತು.

"ಮುಹೂರ್ತ ಆಗ್ತದೆ, ಅಣ್ಣ."

ಅವನು ಕೈ ಬಿಟ್ಟ.